ಪರದೇಶ ಹಾದು, ಆಣೆ ಇಲ್ಲದ ಹಟ್ಟಿಗೆ

ಕಾಲೇಜಿನ ಚರ್ಚಾಕೂಟದಲ್ಲಿ ನನ್ನ ಎದುರು ನಿಂತು ವಾದಿಸುತ್ತಿದ್ದ ಗೆಳೆಯನೊಬ್ಬ ಈ ಯುದ್ಧ ಶುರುವಾಗುವ ಮುಂಚೆ ವಿಲಾಯತಿಗೆ ಹೋಗಿ ಬಂದ. ಹಡಗಿನಲ್ಲಿ ವಾಂತಿ ಮಾಡಿಕೊಂಡದ್ದನ್ನೂ ಮುಳ್ಳುಚಮಚದಿಂದ ಬಟಾಣಿ ಹಿಡಿಯಲಾಗದೆ ಉಪವಾಸ ಎದ್ದದ್ದನ್ನೂ ಊರೂರಿಗೆ ಹೇಳಿಕೊಂಡು ತಿರುಗುತ್ತಿದ್ದಾನೆ. ಕೇಳಿ ಕೇಳಿ ಸಾಕಾಗಿ ಹೇಳುತ್ತಿದ್ದೇನೆ: ಪರದೇಶಕ್ಕೆ ನಾನೂ ಹೋಗಿ ಬಂದಿದ್ದೇನೆ. ಅವನು ಸಮುದ್ರ ದಾಟಿದ, ನಾನು ಒಂದು ಒಣಹಳ್ಳ ದಾಟಿದೆ. ವ್ಯತ್ಯಾಸ ಅಷ್ಟೇ.

ನಂಬದವರು ಭೂಪಟ ನೋಡಬಹುದು. ಪಾವಗಡ ನಮ್ಮ ಮಹಾರಾಜರದು, ಮಧುಗಿರಿಯೂ ನಮ್ಮ ಮಹಾರಾಜರದು. ಆದರೆ ಎರಡರ ನಡುವೆ ಮದರಾಸು ಸರ್ಕಾರದ ನೆಲ ಅಡ್ಡ ಮಲಗಿದೆ. ಮಿಡಿಗೇಶಿ ದಾಟಿದ ಬಸ್ಸು ಸ್ವಲ್ಪ ಹೊತ್ತಿಗೆ ಇಂಗ್ಲಿಷರ ರಾಜ್ಯಕ್ಕೆ ಹೋಗಿ, ಧೂಳು ಕುಡಿದು, ಮತ್ತೆ ಮಹಾರಾಜರ ರಾಜ್ಯಕ್ಕೆ ಬಂದು ಉಸಿರು ಬಿಡುತ್ತದೆ. ಹೀಗೆ ಗಡಿ ಕತ್ತರಿಸಿದವನು ದರ್ಜಿಯಾಗಿದ್ದರೆ ಅವನಿಂದ ಯಾರೂ ಒಂದು ಅಂಗಿ ಹೊಲಿಸುತ್ತಿರಲಿಲ್ಲ.

ಸಿರಾ

ಇಷ್ಟಕ್ಕೂ ನಾನು ಹೊರಟದ್ದು ಒಂದು ಕಂಬಳಿಯಿಂದ. ಚಳಿಗೆಂದು ಅಜ್ಜಿಗೆ ಸಿರಾ ಪೇಟೆಯಿಂದ ತಂದ ಕರಿ ಕಂಬಳಿಯ ಮೈತುಂಬ ಗಂಟು. ಅಜ್ಜಿ ಒಂದು ರಾತ್ರಿ ಹೊದ್ದು, ಬೆಳಿಗ್ಗೆ ಅದನ್ನು ನನ್ನ ಮೇಲೆ ಎಸೆದಳು. "ಇದೇನ್ಲಾ, ಕಂಬಳಿನೋ ಜೋಳದ ತೆನೆನೋ? ಮೈಯೆಲ್ಲಾ ಒತ್ತುತ್ತೆ."

ನಾನು ಕಂಬಳಿ ಹೊತ್ತು ಅಂಗಡಿಗೆ ಹೋದೆ. ಅಂಗಡಿಯ ರಹೀಂ ಸಾಹೇಬರು ನನ್ನ ಮುಖ ನೋಡಿಯೇ ಕೈ ಮುಗಿದರು.

"ಅರೆ, ವಕೀಲ್ ಸಾಹೇಬ್ರು ಬಂದ್ಬುಟ್ರು! ಮೊದ್ಲು ಕೂತ್ಕೊಳ್ಳಿ, ಚಾ ಕುಡೀರಿ, ಆಮ್ಯಾಕೆ ಜಗಳ."

ನಾನಿನ್ನೂ ವಕೀಲನಾಗಿಲ್ಲ. ಆದರೂ ಜಗಳಕ್ಕೆ ಸನ್ನದು ಬೇಕಿಲ್ಲವಲ್ಲ. ಗಂಟು ತೋರಿಸಿದೆ. ಸಾಹೇಬರು ಗಂಟಿನ ಮೇಲೆ ಬೆರಳಾಡಿಸಿ, ಮೊಮ್ಮಗುವಿನ ತಲೆ ಸವರಿದ ಹಾಗೆ ನಕ್ಕರು.

"ಇದು ಮಾಮೂಲಿ ಕಂಬಳಿ ಅಲ್ಲ. ಪಾವಗಡದ ಕಡೆ ಒಂದು ಹಟ್ಟಿ ಐತೆ. ಶರಾಬು ಬುಟ್ಟೋರೆಲ್ಲ ಅಲ್ಲಿ ಸಂತೆ ದಿನ ಕೂತ್ಕೊಂಡು ಉಣ್ಣೆ ನೂಲ್ತಾರೆ. ಹೊಸದಾಗಿ ಬುಟ್ಟೋರ ಕೈ ನಡುಗ್ತದೆ. ಅದಕ್ಕೇ ಗಂಟು."

"ನೂತರೆ ಕುಡಿತ ಹೋಗುತ್ತಾ?"

"ನೂತ್ಕೊಂಡು ತಮ್ ತಮ್ ಕತೆ ಹೇಳ್ಕೊಳ್ತಾರೆ."

"ಮಾತಿಗೆ ರೋಗ ವಾಸಿಯಾಗೋದಾದರೆ ನಮ್ಮ ಚರ್ಚಾಕೂಟ ಇಷ್ಟು ಹೊತ್ತಿಗೆ ಆಸ್ಪತ್ರೆ ಆಗಬೇಕಿತ್ತು."

"ನೀವು ಮಾತಾಡಿದ್ರೆ ರೋಗ ಹೆಚ್ಚಾಗ್ತದೆ ಸಾಹೇಬ್ರೇ, ಅದು ಬೇರೆ ವಿಷ್ಯ," ಎಂದರು ಸಾಹೇಬರು. ಬೇರೆ ಕಂಬಳಿ ಕೊಟ್ಟರು. ಗಂಟಿನದನ್ನು ಮಾತ್ರ ಮಡಿಸಿ ಒಳಗಿಟ್ಟುಕೊಂಡರು.

ಮನೆಗೆ ಬಂದು ಇದನ್ನು ತಮಾಷೆಗೆಂದು ಹೇಳಿದೆ. ಎಲ್ಲರೂ ನಕ್ಕರು. ನಮ್ಮ ಗಿರಿಜಕ್ಕ ನಗಲಿಲ್ಲ.

ಅಕ್ಕನನ್ನು ಕೊರಟಗೆರೆಗೆ ಕೊಟ್ಟಿತ್ತು. ಭಾವ ಹುಣಿಸೆಹಣ್ಣಿನ ವ್ಯಾಪಾರಿ, ಹಣೆತುಂಬ ವಿಭೂತಿ, ಬಾಯಿತುಂಬ ನಗು, ಊರಿಗೆಲ್ಲ ಬೇಕಾದವರು. ಈಚಲ ಹೆಂಡಕ್ಕೂ ಬೇಕಾದವರು. ಲಿಂಗ ಕಟ್ಟಿದ ಮನೆತನದಲ್ಲಿ ಈ ಮಾತನ್ನು ಬಾಯಿಬಿಟ್ಟು ಆಡುವಂತಿಲ್ಲ. ಅದಕ್ಕೇ ಎಲ್ಲರೂ "ಅವರಿಗೆ ಪಿತ್ತ" ಎನ್ನುತ್ತಿದ್ದರು. ಮಗಳ ನಾಮಕರಣದ ದಿನ ಆ ಪಿತ್ತ ಜಾಸ್ತಿಯಾಗಿ, ಕೈಯಲ್ಲಿದ್ದ ಕೂಸಿನ ಸಮೇತ ಜಗುಲಿಯ ಮೆಟ್ಟಿಲಿನಲ್ಲಿ ಉರುಳಿದರು. ಕೂಸಿಗೆ ಏನೂ ಆಗಲಿಲ್ಲ. ಅಕ್ಕ ಬಂದು ಅವರ ತೋಳಿಂದ ಕೂಸನ್ನು ತೆಗೆದುಕೊಂಡಳು, ನೆಂಟರ ನಡುವೆಯೇ ನಡೆದು ಗಾಡಿ ಹತ್ತಿದಳು. ಅಂದಿನಿಂದ ನಮ್ಮ ಮನೆಯಲ್ಲೇ ಇದ್ದಾಳೆ.

"ನೀನು ಅವರನ್ನ ಆ ಹಟ್ಟಿಗೆ ಕರ್ಕೊಂಡು ಹೋಗು," ಎಂದಳು.

"ಅದೆಲ್ಲ ಬೊಗಳೆ ಕಣಕ್ಕ."

"ಬೊಗಳೆ ಅಂತ ನೀನು ಅಂತೀಯಲ್ಲ, ಅದಕ್ಕೇ ನೀನೇ ಹೋಗ್ಬೇಕು. ಅಪ್ಪಯ್ಯ ಅಳೋ ಗಂಡಸನ್ನ ಕಂಡ್ರೆ ಕರಗ್ತಾರೆ. ಅಮ್ಮ ಆಣೆ ಇಟ್ರೆ ನಂಬ್ತಾಳೆ. ನೀನು ದೇವರನ್ನೇ ನಂಬಲ್ಲ. ಅವರು ಬಿಟ್ಟಿದಾರೆ ಅಂತ ನೀನು ಒಪ್ಪಿದ್ರೆ ನಾನು ಕೂಸು ಎತ್ಕೊಂಡು ಕೊರಟಗೆರೆಗೆ ಹೋಗ್ತೀನಿ. ಒಪ್ಪಲಿಲ್ಲ ಅಂದ್ರೆ ಇಲ್ಲೇ ಇರ್ತೀನಿ. ಮತ್ತೆ ಆ ಮಾತು ಎತ್ತಬೇಡಿ."

ಜೀವಮಾನದಲ್ಲಿ ಮೊದಲ ಸಲ ನನ್ನ ತಕರಾರಿಗೆ ಇಷ್ಟು ಮರ್ಯಾದೆ ಸಿಕ್ಕಿತು. ಸಂತೋಷಪಡಬೇಕಿತ್ತು. ಆದರೆ ತೊಟ್ಟಿಲಲ್ಲಿದ್ದ ಕೂಸು ನನ್ನನ್ನೇ ನೋಡುತ್ತಿತ್ತು.

ಕೊರಟಗೆರೆ

ಭಾವನನ್ನು ಒಪ್ಪಿಸಲು ನಾನು ದಾರಿಯುದ್ದಕ್ಕೂ ವಾದ ಕಟ್ಟಿಕೊಂಡು ಹೋದೆ. ಬಳಸುವ ಅಗತ್ಯವೇ ಬರಲಿಲ್ಲ.

"ಅಲ್ಲಿ ನಮ್ಮನ್ನ ಬಲ್ಲೋರು ಯಾರಾದ್ರೂ ಇರ್ತಾರಾ?" ಎಂದರು.

"ಪರದೇಶ ದಾಟಿದ ಮೇಲೆ ಭಾವ."

"ಅಂಗಾದ್ರೆ ನಡಿ. ಕೇಳಿದೋರಿಗೆ ಹುಣಿಸೆಹಣ್ಣು ನೋಡಕ್ಕೆ ಹೊಂಟಿದೀವಿ ಅನ್ನು."

ಹೊರಡುವ ಮುಂಚೆ ಆಣೆಯಿಡಲು ಬಂದರು. ಬೇಡವೆಂದೆ. ನಮ್ಮ ಸೀಮೆಯಲ್ಲಿ ಬೆಟ್ಟಗಳಿಗೇನು ಬರವೇ? ಒಂದೊಂದರ ಮೇಲೂ ಕೋಟೆ, ಕೋಟೆಯೊಳಗೆ ಒಬ್ಬ ದೇವರು. ಭಾವ ಚನ್ನರಾಯನದುರ್ಗ ಹತ್ತಿ ಆಣೆ ಇಟ್ಟಿದ್ದರು, ಇಳಿದು ಕುಡಿದಿದ್ದರು. ಮಧುಗಿರಿಯ ಬಂಡೆ ಹತ್ತಿ ಇಟ್ಟ ಆಣೆ ಹೆಚ್ಚು ದಿನ ಬಾಳಿತು, ಯಾಕೆಂದರೆ ಇಳಿಯುವಾಗ ಕಾಲು ಉಳುಕಿ ಮನೆಯಲ್ಲೇ ಮಲಗಿದ್ದರು. ಫಿರಂಗಿಗೆ ಬಗ್ಗದ ಕೋಟೆಗಳೂ ಭಾವನ ಆಣೆಗೆ ಬಗ್ಗಿದ್ದವು.

ಮಧುಗಿರಿ

ಪೆಟ್ರೋಲು ಸಿಪಾಯಿಗಳ ಪಾಲಾದ ಮೇಲೆ ನಮ್ಮ ಬಸ್ಸುಗಳು ಇದ್ದಿಲು ತಿನ್ನುತ್ತಿವೆ. ಬೆನ್ನಿಗೆ ಒಂದು ದೊಡ್ಡ ಒಲೆ ಕಟ್ಟಿಕೊಂಡು, ಅದರ ಹೊಗೆಯಲ್ಲಿ ಓಡುತ್ತವೆ. ಓಡುತ್ತವೆ ಎಂದದ್ದು ಗೌರವಕ್ಕೆ. ಮಧುಗಿರಿಯಲ್ಲಿ ಬಸ್ಸು ಹತ್ತುವಾಗಲೇ ಕಂಡಕ್ಟರು ಗಂಡಸರ ತೋಳು ನೋಡಿ ನೋಡಿ ಕೂರಿಸುತ್ತಿದ್ದ. ದಿಬ್ಬ ಬಂದಾಗ ಇಳಿದು ನೂಕುವವರು ಬೇಕಲ್ಲ. ನನ್ನ ತೋಳು ನೋಡಿ, "ನೀವು ಕಿಟಕಿ ಪಕ್ಕ ಕುತ್ಕಳಿ ಸ್ವಾಮಿ," ಎಂದ.

ಬಸ್ಸಿನಲ್ಲಿ ಪರಿಚಯದ ಒಬ್ಬ ಜವಳಿ ಶೆಟ್ಟರು ಸಿಕ್ಕರು. ಎಲ್ಲಿಗೆ ಎಂದರು. "ಹುಣಿಸೆಹಣ್ಣು ನೋಡಕ್ಕೆ," ಎಂದರು ಭಾವ. "ಮರದಲ್ಲಿ ಇನ್ನೂ ಹಸಿಕಾಯಿ, ಈಗ್ಯಾವ ಹಣ್ಣಪ್ಪ?" ಎಂದರು ಶೆಟ್ಟರು. ಭಾವ ನನ್ನ ಕಡೆ ತಿರುಗಿದರು. ಚರ್ಚಾಕೂಟದ ಕಾರ್ಯದರ್ಶಿಯಾದ ನಾನು ಹುಣಿಸೆಯ ಹೂವು, ಹೀಚು, ಮುಂಗಡ ಮಾತುಕತೆಗಳ ಬಗ್ಗೆ ಮಿಡಿಗೇಶಿಯವರೆಗೆ ಭಾಷಣ ಮಾಡಬೇಕಾಯಿತು. ಶೆಟ್ಟರು ನಿದ್ದೆ ಹೋದರು.

ಪರದೇಶ

ಒಣಹಳ್ಳ ದಾಟಿದೆವು. ಇಂಗ್ಲಿಷರ ರಾಜ್ಯ. ಕತ್ತು ಹೊರಗೆ ಹಾಕಿ ನೋಡಿದೆ. ಅದೇ ಜಾಲಿ, ಅದೇ ಬಂಡೆ, ಅದೇ ಕುರಿಮಂದೆ. ಕುರಿಗಳು ಯಾವ ದೊರೆಯ ಹುಲ್ಲು ಎಂದು ಕೇಳದೆ ಮೇಯುತ್ತಿದ್ದವು. ಇಲ್ಲಿಯ ಜನಕ್ಕೆ ನಮ್ಮ ಕಡೆಯ ಹೆಂಡವೇ ರುಚಿಯಂತೆ. ನಮ್ಮವರಿಗೆ ಇಲ್ಲಿಯದು. ಹೀಗಾಗಿ ಗಡಿಯ ಎರಡೂ ಕಡೆಯಿಂದ ಜನ ಕುಡಿಯಲೆಂದು ಎದುರುಬದುರು ನಡೆದು ಹೋಗುತ್ತಾರೆ, ನಡುದಾರಿಯಲ್ಲಿ ಒಬ್ಬರಿಗೊಬ್ಬರು ನಮಸ್ಕಾರ ಮಾಡುತ್ತಾರೆ. ಎರಡು ಸರ್ಕಾರಗಳ ನಡುವೆ ಇಷ್ಟು ಸ್ನೇಹ ಬೇರೆಲ್ಲೂ ಕಾಣೆ.

ಒಂದು ದಿಬ್ಬದ ಮೇಲೆ ಬಸ್ಸು ಕೆಮ್ಮಿ ನಿಂತಿತು. ನಿಂತ ಜಾಗಕ್ಕೆ ಸರಿಯಾಗಿ ಎದುರಿಗೆ, ಈಚಲ ಗರಿ ಹೊದಿಸಿದ ಹೆಂಡದಂಗಡಿ. ಅಂಗಡಿಯವನು ಎದ್ದು ಬರಲೂ ಇಲ್ಲ. ದಿನಾ ಅಲ್ಲೇ ನಿಲ್ಲುವ ಬಸ್ಸಿರಬೇಕು.

"ಇಂಜಿನ್ನಿಗೆ ನೀರು ಬೇಕು! ಯಾರಾದ್ರೂ ಬಾವಿಗೆ ಹೋಗಿ ಬನ್ರಪ್ಪಾ," ಎಂದು ಕಂಡಕ್ಟರು ಬಕೆಟ್ಟು ಹಿಡಿದು ಕೂಗಿದ.

ನಾನು ಭಾವನಿಗೆ ಯಕೃತ್ತಿನ ಮೇಲೆ ಹೆಂಡದ ಪರಿಣಾಮ ವಿವರಿಸುತ್ತಿದ್ದೆ. ಎರಡನೆಯ ಅಂಶಕ್ಕೆ ಬರುವಷ್ಟರಲ್ಲಿ ಭಾವ ಬಕೆಟ್ಟು ತೆಗೆದುಕೊಂಡು ಇಳಿದಾಗಿತ್ತು. ಬಾವಿ ಅಂಗಡಿಯ ಹಿಂದೆ. ಹೋದವರು ಬೇಗ ಬರಲಿಲ್ಲ. ಬಂದಾಗ ಬಕೆಟ್ಟು ತುಂಬಿತ್ತು, ಬಾಯಲ್ಲಿ ಎಲೆಯಡಿಕೆಯೂ ತುಂಬಿತ್ತು.

"ಭಾವ, ನಿಜ ಹೇಳಿ."

"ಹಗ್ಗ ಕಿತ್ತೋಗಿತ್ತು ಕಣಪ್ಪ, ಕಟ್ಟಿ ಸೇದಬೇಕಾಯ್ತು."

"ಆಣೆ ಇಟ್ಟು ಹೇಳಿ."

ಭಾವ ಎದೆಯ ಮೇಲಿನ ಲಿಂಗದ ಕರಡಿಗೆ ಹಿಡಿದುಕೊಂಡರು. "ಇದರಾಣೆಗೂ ಮುಟ್ಟಿಲ್ಲ." ಕಣ್ಣಲ್ಲಿ ನೀರೂ ಬಂತು. ದೇವರನ್ನು ನಂಬದ ನಾನು ಆ ಬೆಳ್ಳಿಯ ಕರಡಿಗೆಯನ್ನು ನಂಬಿದೆ. ನನ್ನ ತರ್ಕದ ಮೇಷ್ಟರು ಅಲ್ಲಿರಲಿಲ್ಲ, ಪುಣ್ಯ.

ಪಾವಗಡ

ಕುಡಿಯುವ ಜಾಗದ ದಾರಿ ಕುರುಡನಿಗೂ ಗೊತ್ತು, ಬಿಟ್ಟವರು ಸೇರುವ ಜಾಗದ ದಾರಿ ಯಾರಿಗೂ ಗೊತ್ತಿಲ್ಲ. ಸಂತೆಯಲ್ಲಿ ಒಬ್ಬ ಹಿರಿಯರನ್ನು ನಿಲ್ಲಿಸಿ, ದನಿ ತಗ್ಗಿಸಿ, "ಕುಡಿಯುವವರು, ಅಂದರೆ ಕುಡಿದು ಬಿಟ್ಟವರು..." ಎನ್ನುವಷ್ಟರಲ್ಲೇ ಅವರು ನನ್ನ ಬೆನ್ನು ತಟ್ಟಿದರು. "ಸಿಗ್ಗೆಂದುಕಪ್ಪಾ? ನಾಚ್ಕೆ ಯಾಕೆ? ಅದೋ, ಆ ಹುಣಿಸೆಮರದ ಪಕ್ಕ." ಹೋಗಿ ನೋಡಿದರೆ ಹೆಂಡದಂಗಡಿ. ಇನ್ನೊಬ್ಬನನ್ನು ಕೇಳಿದೆ, ಅವನೂ ಅಲ್ಲಿಗೇ ಕಳಿಸಿದ. ಪಾವಗಡದ ಜನ ಪರಸ್ಪರ ಒಪ್ಪುವ ಸಂಗತಿ ಇದೊಂದೇ ಇರಬೇಕು.

ಕೊನೆಗೆ ಭಾವನನ್ನು ಬೀದಿಯ ಆಚೆ ಒಬ್ಬ ಬಳೆಗಾರನ ಪಕ್ಕ ನಿಲ್ಲಿಸಿ, ನಾನೇ ಅಂಗಡಿಯೊಳಗೆ ಹೋದೆ. ಮಾಲೀಕ ನನ್ನ ಪ್ರಶ್ನೆ ಕೇಳಿ ಹಣೆ ಚಚ್ಚಿಕೊಂಡ.

"ಆ ಹನುಮಕ್ಕನ ಹಟ್ಟಿಗಾ? ಹೋಗಿ ಸ್ವಾಮಿ, ಹೋಗಿ. ಬಲಸಮುದ್ರದ ದಾರಿ ಹಿಡೀರಿ, ಮುರುಕಲು ಮಂಟಪ ಬತ್ತೈತೆ, ಎಡಕ್ಕೆ ತಿರುಗಿ. ನನ್ನ ಒಳ್ಳೊಳ್ಳೆ ಗಿರಾಕಿಗಳೆಲ್ಲ ಅಲ್ಲೇ ಕುಂತವ್ರೆ. ನನ್ನ ನಮಸ್ಕಾರ ಹೇಳಿ."

ಹೊರಗೆ ಬಂದೆ. ಎದುರಿಗೆ ನಮ್ಮ ಜವಳಿ ಶೆಟ್ಟರು. ಹೆಂಡದಂಗಡಿಯಿಂದ ಹೊರಬಂದ ನನ್ನನ್ನು ನೋಡಿದರು, ಆಚೆ ವಿಭೂತಿಯಲ್ಲಿ ಸಾಕ್ಷಾತ್ ಶಿವಶರಣರ ಹಾಗೆ ನಿಂತ ಭಾವನನ್ನು ನೋಡಿದರು. "ಭಾವನ ಮುಂದೇನೆ, ಅಯ್ಯೋ ಶಿವ," ಎಂದು ಹೊರಟುಹೋದರು. ಹುಣಿಸೆಯ ಭಾಷಣ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಇಡೀ ಪ್ರವಾಸದಲ್ಲಿ ಭಾವ ಮನಸಾರೆ ನಕ್ಕದ್ದು ಅಲ್ಲೇ.

ಹನುಮಕ್ಕನ ಹಟ್ಟಿ

ಕಂಬಳಿ ನೇಯುವ ಒಂದು ಚಪ್ಪರ. ಮಗ್ಗದ ಮುಂದೆ ಗಂಡಸರು ಕಾಲು ಚಾಚಿ ಕೂತಿದ್ದರು, ಎಲ್ಲರ ಕೈಯಲ್ಲೂ ಉಣ್ಣೆ ನೂಲುವ ಕದಿರು. ಒಬ್ಬ ಈಚಲುಮರ ಹತ್ತಿ ಹೆಂಡ ಇಳಿಸುತ್ತಿದ್ದವನು, ಒಬ್ಬ ಕುರಿಯವನು, ಮೂಲೆಯಲ್ಲಿ ಕೋಟು ಹಾಕಿದ ಮೇಷ್ಟರಂಥವರೂ ಒಬ್ಬರು. ನಡುವೆ ಹನುಮಕ್ಕ. ವಯಸ್ಸಾದ ಹೆಂಗಸು, ಗಂಟಲು ಗಂಡಸಿನದು. ಗಂಡನ ಜೊತೆ ಕುಡಿಯಲು ಕಲಿತು, ಗಂಡ ಸತ್ತ ಮೇಲೆ ಅವನ ಪಾಲನ್ನೂ ಕುಡಿದವಳು ಎಂದು ತಾನೇ ಹೇಳಿಕೊಂಡಳು.

"ರಂಡಪ್ಪಾ, ಬನ್ನಿ, ಕುತ್ಕಳಿ. ಯಾರು ಕುಡಿಯೋದು?"

ನಾನು ಭಾವನನ್ನು ತೋರಿಸಿದೆ.

"ನೀನು?"

"ಇಲ್ಲ. ಒಂದು ತೊಟ್ಟೂ ಇಲ್ಲ," ಎಂದೆ, ಪದಕ ತೋರಿಸುವವನ ಹಾಗೆ.

"ಅಂಗಾದ್ರೆ ನೀನು ಮಾತಾಡಂಗಿಲ್ಲ. ಇಲ್ಲಿ ಕುಡಿದೋರು ಮಾತ್ರ ಮಾತಾಡಾದು. ಇಕಾ, ನೂಲು."

ನನ್ನ ಕೈಗೂ ಕದಿರು ಬಂತು. ಯೋಚಿಸಿ ನೋಡಿ. ವಾದದಲ್ಲಿ ಬೆಳ್ಳಿ ಬಟ್ಟಲು ಗೆದ್ದವನು, ಮಾತಾಡುವ ಅರ್ಹತೆಯಿಲ್ಲದೆ ಬಾಯಿ ಮುಚ್ಚಿ ಕೂತಿದ್ದೇನೆ. ಹೆಂಡ ಕುಡಿಯದಿದ್ದದ್ದಕ್ಕೆ ಪಶ್ಚಾತ್ತಾಪವಾದ ಏಕೈಕ ಗಳಿಗೆ ಅದು. ಅವರ ನಡುಗುವ ಕೈಯಲ್ಲಿ ನೂಲು ಗಂಟಾಗಿಯಾದರೂ ಬರುತ್ತಿತ್ತು. ನನ್ನ ಗಟ್ಟಿ ಕೈಯಲ್ಲಿ ಹರಿದು ಹರಿದು ಬೀಳುತ್ತಿತ್ತು.

ಅಲ್ಲಿಯ ಪದ್ಧತಿ ವಿಚಿತ್ರ. ಒಬ್ಬರು ಮಾತಾಡುವಾಗ ಯಾರೂ ಅವರ ಮುಖ ನೋಡುವುದಿಲ್ಲ, ಎಲ್ಲರ ಕಣ್ಣೂ ಕದಿರಿನ ಮೇಲೆ. ಬುದ್ಧಿ ಹೇಳುವಂತಿಲ್ಲ. ಆಣೆ ಇಡುವಂತಿಲ್ಲ. "ಹೋದ ಸಂತೆಯಿಂದ?" ಎಂದು ಹನುಮಕ್ಕ ಕೇಳುತ್ತಾಳೆ, ಅಂದರೆ ಕುಡಿದೆಯಾ ಎಂದು. "ಇಲ್ಲ" ಎಂದರೂ ಶಭಾಷ್ ಇಲ್ಲ, "ಹೂಂ" ಎಂದರೂ ಬೈಗುಳ ಇಲ್ಲ. ಹೂಂ ಎಂದವನನ್ನು ಎಬ್ಬಿಸಿ ನಡುವೆ ಕೂರಿಸುತ್ತಾರೆ, ಎರಡೂ ಭುಜಕ್ಕೆ ಯಾರದಾದರೂ ಭುಜ ತಾಗುವ ಹಾಗೆ. ಶಿಕ್ಷೆಯಿಲ್ಲದ ಕಾನೂನು ಕಾನೂನೇ ಅಲ್ಲ ಎಂದು ಸಾಧಿಸಲು ನನ್ನ ಬಳಿ ಒಳ್ಳೆಯ ಮೂರು ಅಂಶಗಳಿದ್ದವು. ನೂಲು ಮತ್ತೆ ಹರಿಯಿತು.

ಕುರಿಯವನು ಹೇಳಿದ: "ಒಂದಿನ ಜಾಸ್ತಿ ಆಗೋಯ್ತು. ಕೊಟ್ಟಿಗೆಗೆ ನುಗ್ಗಿ, ಎಮ್ಮೆ ಕಾಲು ಹಿಡ್ಕಂಡು, 'ತಪ್ಪಾಯ್ತು ಕಣೇ, ಇನ್ನ ಕುಡಿಯಾಕಿಲ್ಲ' ಅಂತ ಗೋಳೋ ಅಂದೆ, ಎಮ್ಮೇನೇ ಹೆಂಡ್ರು ಅಂದ್ಕಂಡು."

ಎಲ್ಲರೂ ನಕ್ಕರು. ಅವನೂ ನಕ್ಕ. ಕದಿರು ಒಂದು ಸುತ್ತು ತಿರುಗಿಸಿ ಹೇಳಿದ: "ಎಮ್ಮೆ ನಿಂತ್ಕಂಡು ಕೇಳ್ತು. ಹೆಂಡ್ರು ಕೇಳಕ್ಕಿರ್ಲಿಲ್ಲ. ಅವತ್ತು ಮಧ್ಯಾನ್ನವೇ ಹೊಂಟೋಗಿದ್ಲು."

ಹನುಮಕ್ಕ ತನ್ನ ಕದಿರಿಗೆ ಹೊಸ ಉಣ್ಣೆ ಸಿಕ್ಕಿಸಿದಳು.

"ನೀನೇನಪ್ಪಾ, ವಿಭೂತಿ?" ಎಂದಳು ಹನುಮಕ್ಕ.

ಭಾವನ ಕೈ ತಾನಾಗಿ ಎದೆಯ ಕರಡಿಗೆಗೆ ಹೋಯಿತು.

"ಅದರ ಮ್ಯಾಲಿಂದ ಕೈ ತೆಗಿ. ಕದಿರು ಹಿಡಿ. ಹೋದ ಸಂತೆಯಿಂದ?"

ಭಾವ ಕದಿರು ಹಿಡಿದರು. ನಾನು ಅವರ ಮುಖ ನೋಡಬಾರದಿತ್ತು, ನೋಡಿದೆ.

"ಇವತ್ತೇ," ಎಂದರು. "ಬಸ್ಸು ಕೆಟ್ಟು ನಿಂತಾಗ. ನೀರಿಗೆ ಅಂತ ಹೋಗಿ."

ನನ್ನ ಬಾಯಿ ನಿಯಮ ಮುರಿಯಿತು. "ಭಾವ! ಕರಡಿಗೆ ಮುಟ್ಟಿ ಆಣೆ ಇಟ್ಟಿರಲ್ಲ ನನ್ನ ಮುಂದೆ!"

"ಆಣೆ ಕೇಳ್ದೋನು ಯಾರು?" ಎಂದಳು ಹನುಮಕ್ಕ.

"ನಾನು."

"ನೀನು ಆಣೆ ಕೇಳ್ದೆ, ಆಣೆ ಕೊಟ್ಟ. ನಾವು ಆಣೆ ಕೇಳ್ಲಿಲ್ಲ, ನಿಜ ಹೇಳ್ದ. ನೂಲು ಕಣ್ಲಾ ಸುಮ್ಕೆ."

ಚರ್ಚೆಯಲ್ಲಿ ಇಂಥ ಏಟು ಬಿದ್ದಾಗ ಮೇಜಿನ ಮೇಲಿನ ಲೋಟ ಎತ್ತಿ ನೀರು ಕುಡಿಯುವುದು ರೂಢಿ. ಅಲ್ಲಿ ಮೇಜೂ ಇರಲಿಲ್ಲ.

ಭಾವನನ್ನು ನಡುವೆ ಕೂರಿಸಿದರು. ಒಂದು ಪಕ್ಕ ಹೆಂಡ ಇಳಿಸುತ್ತಿದ್ದವನು, ಇನ್ನೊಂದು ಪಕ್ಕ ಕುರಿಯವನು. ಕೊರಟಗೆರೆಯ ಮನೆಯಲ್ಲಾದರೆ ಇಬ್ಬರಿಗೂ ಜಗುಲಿಯ ಕೆಳಗೇ ಜಾಗ. ಅವರ ಭುಜಗಳ ನಡುವೆ ಕೂತು ಭಾವ ಮೆಲ್ಲಗೆ ಹೇಳಿದರು: "ಮಗು ಎತ್ತಿಕೊಂಡು ಬಿದ್ದೆ ಅಂತಾರೆ. ಬಿದ್ದದ್ದು ನಂಗೆ ಜ್ಞಾಪಕ ಇಲ್ಲ. ಅವಳು ಬಂದು ನನ್ನ ಕೈಯಿಂದ ಮಗೂನ ತಗೊಂಡ್ಲಲ್ಲ, ಅದೊಂದೇ ಜ್ಞಾಪಕ ಇರೋದು. ಕೈ ಹಗುರ ಆಗೋಯ್ತು. ಆವತ್ತಿಂದ ಹಂಗೇ ಐತೆ."

ಯಾರೋ ಅವರ ಮಡಿಲಿಗೆ ಇನ್ನೊಂದು ಹಿಡಿ ಉಣ್ಣೆ ಹಾಕಿದರು.

ಮತ್ತೆ ಸಿರಾ

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. "ಬಿಟ್ಟಿದಾರಾ?"

ಸುಳ್ಳು ಹೇಳುವ ಆಸೆ ಆಯಿತು. ತೊಟ್ಟಿಲು ಕಂಡಿತು.

"ಇಲ್ಲ. ಹೋಗುವಾಗಲೇ ಕುಡಿದರು."

"ನಿಂಗೆ ಹೆಂಗೆ ಗೊತ್ತಾಯ್ತು? ವಾಸನೆ ಹಿಡಿದ್ಯಾ?"

"ನಂಗೆ ಗೊತ್ತೇ ಆಗಲಿಲ್ಲ. ನಾನು ನಂಬಿಬಿಟ್ಟಿದ್ದೆ. ಅವರೇ ಹೇಳಿದರು, ಎಲ್ಲರ ಮುಂದೆ."

ಅಕ್ಕ ಸೆರಗಿನ ಅಂಚು ಮಡಿಸಿದಳು. "ಅವರೇ ಹೇಳಿದ್ರಾ?" ಎಂದು ಮತ್ತೆ ಕೇಳಿದಳು. ಮದುವೆಯಾದಂದಿನಿಂದ ಅವಳಿಗೆ ಸಿಕ್ಕಿದ್ದು ಪಿತ್ತ, ತಲೆಸುತ್ತು, ಬಿಸಿಲು, ಆಣೆ. ಈ ಒಂದು ವಾಕ್ಯ ಸಿಕ್ಕಿರಲಿಲ್ಲ.

"ನೀನು ಒಪ್ಪಿದ್ಯಾ?"

"ಹೇಗೆ ಒಪ್ಪಲಿ ಅಕ್ಕ? ಬಿಟ್ಟಿಲ್ಲವಲ್ಲ."

"ಸರಿ. ಕೊರಟಗೆರೆಗೆ ನಾನು ಹೋಗಲ್ಲ." ಒಳಗೆ ಹೋಗುತ್ತ ತಿರುಗಿ ನಿಂತಳು. "ಮುಂದಿನ ಸಂತೆಗೆ ಆ ಪರದೇಶಕ್ಕೆ ಬರ್ತೀನಿ. ನೋಡಬೇಕು."

ಮತ್ತೆ ಪರದೇಶ

ಮುಂದಿನ ಸಂತೆಯ ದಿನ, ಹಟ್ಟಿಗೆ ಮತ್ತೆ ಹೊರಟ ಭಾವ ಮಧುಗಿರಿಯಲ್ಲಿ ಬಸ್ಸು ಹತ್ತಿದರು. ಅಕ್ಕನನ್ನೂ ಅವಳ ಮಡಿಲಲ್ಲಿದ್ದ ಕೂಸನ್ನೂ ಕಂಡು ಬಾಗಿಲಲ್ಲೇ ನಿಂತುಬಿಟ್ಟರು. ಕಂಡಕ್ಟರು ಒಳಕ್ಕೆ ನೂಕಿದ. ಅಕ್ಕನ ಎದುರು ಸೀಟಿನಲ್ಲಿ, ಮಂಡಿಯ ಮೇಲೆ ಕೈಯಿಟ್ಟುಕೊಂಡು, ಹೆಣ್ಣು ನೋಡಲು ಬಂದ ವರನ ಹಾಗೆ ಕೂತರು. ಮಿಡಿಗೇಶಿಯವರೆಗೆ ನಾನೊಬ್ಬನೇ ಮಾತಾಡಿದೆ, ಯಾರೂ ಕೇಳಲಿಲ್ಲ.

ಒಣಹಳ್ಳ, ಜಾಲಿ, ಕುರಿ. ಅದೇ ದಿಬ್ಬದ ಮೇಲೆ ಬಸ್ಸು ಕೆಮ್ಮಿ ನಿಂತಿತು. ಎದುರಿಗೆ ಅದೇ ಗರಿಯ ಅಂಗಡಿ.

"ಇಂಜಿನ್ನಿಗೆ ನೀರು!" ಎಂದ ಕಂಡಕ್ಟರು.

ಬಕೆಟ್ಟು ಸೀದಾ ಭಾವನ ಕೈಗೆ ಬಂತು. ಹೋದ ಸಲ ತಂದವರು ಅವರೇ ಅಲ್ಲವೇ. ಭಾವ ಅದನ್ನು ಹಿಡಿದುಕೊಂಡು ಕಿಟಕಿಯಾಚೆ ನೋಡಿದರು. ಅಕ್ಕ ಭಾವನನ್ನು ನೋಡಿದಳು. ನಾನು ಬಾಯಿ ತೆರೆದೆ, ಹನುಮಕ್ಕನ ದನಿ ಕೇಳಿದಂತಾಗಿ ಮುಚ್ಚಿದೆ.

ಭಾವ ಬಕೆಟ್ಟನ್ನು ನನ್ನ ತೊಡೆಯ ಮೇಲಿಟ್ಟರು.

"ನೀನು ಹೋಗಪ್ಪ. ನಾನು ಇಳಿದ್ರೆ ಆಗಲ್ಲ." ಆಮೇಲೆ ಅಕ್ಕನ ಕಡೆ ತಿರುಗಿ, ಮುಖ ನೋಡದೆ, ಕೈ ಎರಡೂ ಮುಂದೆ ಚಾಚಿ, "ಕೊಡು... ನೀರು ಬರೋತನಕ ಕೈಗೆ ಏನಾದ್ರೂ ಬೇಕು," ಎಂದರು.

ಅಕ್ಕ ಕೊಟ್ಟಳೋ ಇಲ್ಲವೋ ನೋಡಲು ನಾನು ನಿಲ್ಲಬೇಕೆಂದಿದ್ದೆ. ಕಂಡಕ್ಟರು ಬಿಡಲಿಲ್ಲ. ಬಾವಿಯ ಹಗ್ಗ ನಿಜವಾಗಿಯೂ ಕಿತ್ತುಹೋಗಿತ್ತು. ಅದನ್ನು ಗಂಟು ಹಾಕಿ ಸೇದಲು ನನ್ನಂಥವನಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತಾಯಿತು. ಅರ್ಧ ನೀರು ಪಂಚೆಯ ಮೇಲೆ ಚೆಲ್ಲಿಕೊಂಡು, ಅರ್ಧ ನೀರು ಹೊತ್ತು, ಬಸ್ಸಿನ ಕಿಟಕಿಯ ಕೆಳಗೆ ಬಂದು ಕತ್ತೆತ್ತಿ ನೋಡಿದೆ.

ಕೂಸು ಭಾವನ ಕೈಯಲ್ಲಿತ್ತು. ಅವರ ಕೈ ನಡುಗುತ್ತಿತ್ತು, ಕೂಸು ಅದನ್ನು ಆಟವೆಂದುಕೊಂಡು ನಗುತ್ತಿತ್ತು. ಅಕ್ಕ ಕಿಟಕಿಯಾಚೆ ಜಾಲಿಮರ ನೋಡುತ್ತಿದ್ದಳು. ಅವಳ ಒಂದು ಕೈ ಮಾತ್ರ ಇನ್ನೂ ಕೂಸಿನ ಬೆನ್ನ ಕೆಳಗೇ ಇತ್ತು.